ಸರಪಳಿ ಹಾಕುವ ಮುನ್ನ ಒಂದು ಗಂಟೆ

ನೆಬ್ರಾಸ್ಕಾದ ಮರಳುಗುಡ್ಡಗಳ ಸೀಮೆಯಲ್ಲಿ ಯಾರ ಕಡಸಾದರೂ ಕರು ಹಾಕಲು ತಿಣುಕಿದರೆ ಮೊದಲು ಫೋನು ಹೋಗುವುದು ಮಾರ್ಲಿಸ್ ಕ್ರಾಲ್‌ಳ ಮನೆಗೆ. ದನದ ಡಾಕ್ಟರು ಇರುವುದು ನಲವತ್ತು ಮೈಲಿ ದೂರ, ಮಾರ್ಲಿಸ್ ನಾಲ್ಕೇ ಮೈಲಿ. ಬಂದವಳೇ ಅಂಗಿಯ ತೋಳು ಮಡಚಿ, ಒಳಗೆ ಕೈಯಾಡಿಸಿ, ಕರು ನೆಟ್ಟಗೆ ಬರುತ್ತಿದೆಯೇ ಎಂದು ನೋಡುವಳು. ಆಮೇಲೆ ಬಕೆಟ್ ಬೋರಲು ಹಾಕಿಕೊಂಡು ಕೂತುಬಿಡುವಳು. ಕರು ಎಳೆಯುವ ಸರಪಳಿ ಹಿಡಿದು ತುದಿಗಾಲಲ್ಲಿ ನಿಂತ ಗಂಡಸರಿಗೆ ಅವಳದು ಒಂದೇ ಮಾತು: "ಒಂದ್ ಗಂಟೆ ಸುಮ್ನೆ ಕೂತ್ಕೊಳ್ರಪ್ಪಾ. ಹೆರೋದು ಅವಳು, ನೀವಲ್ಲ." ಅವರೂ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು.

ಅವಳದೇ ಹೊಟ್ಟೆಯ ವಿಷಯ ಬಂದಾಗ ಮಾತ್ರ ಊರಿಗೆ ಊರೇ ಡಾಕ್ಟರಾಯಿತು.

ಮೊದಲನೆಯ ಮಗ ಕಾಲು ಕೆಳಗೆ ಮಾಡಿ ಕೂತಿದ್ದನೆಂದು ಸಿಸೇರಿಯನ್ ಆಗಿತ್ತು. ಅದಕ್ಕೆ ಅವಳು ಯಾರನ್ನೂ ದೂರಿದವಳಲ್ಲ. ಆದರೆ ಆರು ವಾರ ಕುದುರೆಯ ಜೀನು ಎತ್ತಲಾಗದೆ, ಮಗುವನ್ನೂ ಇನ್ನೊಬ್ಬರು ಎತ್ತಿಕೊಡಬೇಕಾಗಿ ಬಂದದ್ದು ಅವಳಿಗೆ ಮರೆತಿರಲಿಲ್ಲ. ಮೂರು ವರ್ಷದ ಮೇಲೆ ಎರಡನೆಯದು ನಿಂತು ದಿನ ತುಂಬುತ್ತ ಬಂದಾಗ, ಇದರ ತಲೆ ಕೆಳಗೇ ಇತ್ತು. ಇದನ್ನು ತಾನೇ ಹೆರಬೇಕು ಅನ್ನುವುದೊಂದೇ ಅವಳ ಆಸೆ.

ಊರಿನ ಆಸ್ಪತ್ರೆಯ ಡಾಕ್ಟರ್ ಹಿಂಕ್ಲಿ ಒಳ್ಳೆಯ ಮನುಷ್ಯ, ಪಾಪ. "ಆಗಲ್ಲ ಮಾರ್ಲಿಸ್. ಒಂದ್ಸಲ ಕೊಯ್ದ ಮೇಲೆ ಕೊಯ್ಯೋದೇ. ಇಲ್ಲಿಯ ನಿಯಮ."

"ಯಾಕೆ ಡಾಕ್ಟ್ರೇ?"

"ಅರಿವಳಿಕೆ ಡಾಕ್ಟ್ರು ಇರೋದು ನಲವತ್ತು ಮೈಲಿ ದೂರ. ಏನಾದ್ರೂ ಆದ್ರೆ?"

"ಚೊಚ್ಚಲು ಹೆರೋಳಿಗೆ ಏನಾದ್ರೂ ಆದ್ರೆ ಏನ್ ಮಾಡ್ತೀರಿ?"

"ಅವರನ್ನ ಕರೆಸ್ತೀವಿ."

"ನನಗೆ ಆದ್ರೆ ಅವರು ಬರಲ್ಲ ಅಂತಾರಾ?"

ಹಿಂಕ್ಲಿ ಕನ್ನಡಕ ಒರೆಸಿಕೊಂಡರು. "ನಿನ್ನದರಲ್ಲಿ ಅಪಾಯ ಒಂಚೂರು ಜಾಸ್ತಿ ಕಣಮ್ಮಾ. ಆಸ್ಪತ್ರೆಯ ಕಮಿಟಿ ಒಪ್ಪಲ್ಲ." ದೇವರು ವರ ಕೊಟ್ಟರೂ ಪೂಜಾರಿ ಕೊಡ! ಕಮಿಟಿಯ ಹೆಸರು ಹೇಳುತ್ತಲೇ ಡಾಕ್ಟರು ಕ್ಯಾಲೆಂಡರಿನಲ್ಲಿ ಆಪರೇಷನ್ನಿಗೆ ಒಂದು ಗುರುವಾರವನ್ನು ಗುರುತು ಹಾಕಿದರು.

ಮಾರ್ಲಿಸ್ ಮನೆಗೆ ಬಂದು ಫೋನು ಹಿಡಿದಳು. ಒಂದು ಆಸ್ಪತ್ರೆಯವರು ಇಲ್ಲವೆಂದರು. ಇನ್ನೊಂದರವರು ನಕ್ಕರು. ಮೂರನೆಯ ಕಡೆ, ಫೋನು ಎತ್ತಿದ ಹೆಂಗಸು ಅವಳಿಗೆ ಒಳ್ಳೆಯ ಮನಶ್ಶಾಸ್ತ್ರಜ್ಞರ ಹೆಸರು ಹೇಳಿದಳು. ಹತ್ತನೆಯ ಫೋನು ನೂರ ನಲವತ್ತು ಮೈಲಿ ದೂರದ ದೊಡ್ಡ ಊರಿಗೆ. ಅಲ್ಲಿನ ಆಸ್ಪತ್ರೆಯ ಸೂಲಗಿತ್ತಿ ಐಯೋನ್ ಎಲ್ಲವನ್ನೂ ಕೇಳಿಸಿಕೊಂಡು, "ಹೋದ ಸಲ ಗರ್ಭಕೋಶಾನ ಅಡ್ಡ ಕೊಯ್ದಿದ್ದಾರೋ ಉದ್ದಕ್ಕೋ? ಆಪರೇಷನ್ ಕಾಗದ ತನ್ನಿ, ನೋಡೋಣ. ಅಡ್ಡ ಇದ್ರೆ ಪ್ರಯತ್ನ ಮಾಡಬಹುದು. ನಮ್ಮಲ್ಲಿ ಆಪರೇಷನ್ ಕೋಣೆ ಹಗಲೂ ರಾತ್ರಿ ತಯಾರಿರುತ್ತೆ," ಅಂದಳು.

ಫೋನಿಟ್ಟ ಮಾರ್ಲಿಸ್ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟಳು. ಇಷ್ಟು ತಿಂಗಳಲ್ಲಿ 'ನೋಡೋಣ' ಅಂದವರು ಒಬ್ಬರೂ ಇರಲಿಲ್ಲ.

ಕಾಗದ ಬಂತು, ಅಡ್ಡ ಎಂದಿತ್ತು. ಗಂಡ ಲೆಸ್ ಪಿಕಪ್ಪಿಗೆ ಪೆಟ್ರೋಲು ತುಂಬಿಸಿಟ್ಟ. ಅತ್ತೆ ಅಡೆಲಾ ಮಾತ್ರ, "ಊರಿಗೇ ಒಂದು ದಾರಿಯಾದ್ರೆ ನಿನಗೇ ಒಂದು ದಾರಿ. ಬುಧವಾರದ ಹೊತ್ತಿಗೆ ಬುದ್ಧಿ ಬರುತ್ತೆ ಬಿಡು," ಎಂದು ಗೊಣಗಿದಳು. ಚರ್ಚಿನಲ್ಲಿ ಬಾಣಂತಿಯರ ಮನೆಗೆ ಊಟ ಕಳಿಸುವ ಪಟ್ಟಿ ಅವಳ ಕೈಯಲ್ಲಿತ್ತು. ಆಸ್ಪತ್ರೆಯ ತಾರೀಖು ನೋಡಿ ಪಟ್ಟಿ ಬರೆಯುವುದು ಅಲ್ಲಿಯ ವಾಡಿಕೆ, ಬರೆದದ್ದನ್ನು ಹೊಡೆದುಹಾಕುವ ವಾಡಿಕೆ ಇಲ್ಲ.

ಗುರುವಾರ ಮಾರ್ಲಿಸ್ ಆಸ್ಪತ್ರೆಗೆ ಹೋಗಲಿಲ್ಲ. ಊಟ ಬಂತು. ಕೂಸು ಹುಟ್ಟುವ ಮುನ್ನ ಕುಲಾವಿ! ದನದ ಮಾಂಸದ ಮೇಲೆ ಆಲೂಗಡ್ಡೆ ಹೊದಿಸಿ ಓವನ್ನಿನಲ್ಲಿ ಬೇಯಿಸಿದ ತಟ್ಟೆಗಳು, ದಿನಕ್ಕೊಂದರಂತೆ ಒಂಬತ್ತು ದಿನ. ತಂದ ಪ್ರತಿಯೊಬ್ಬಳೂ ಬಾಗಿಲಲ್ಲಿ ನಿಂತು ಆ ಹೊಟ್ಟೆ ನೋಡಿ, "ಅಯ್ಯೋ, ಇನ್ನೂ ಆಗಿಲ್ವಾ!" ಅನ್ನುವಳು. "ಇಲ್ಲ ಕಣ್ರೀ, ಒಳಗೇ ಕೂತು ಉಣ್ತಿದೆ," ಅನ್ನುವಳು ಮಾರ್ಲಿಸ್. ತಟ್ಟೆ ತೊಳೆದೂ ತೊಳೆದೂ ಲೆಸ್‌ಗೆ ಸಾಕಾಯಿತು.

ಹತ್ತನೆಯ ದಿನ ಬೆಳಿಗ್ಗೆ ಬೇನೆ ಶುರುವಾಯಿತು. ಪಿಕಪ್ ಎರಡೂಕಾಲು ಗಂಟೆ ಓಡಿತು. ಅಲ್ಲಿ ಐಯೋನ್ ಮಗುವಿನ ಎದೆಬಡಿತದ ಯಂತ್ರ ಹಚ್ಚಿ, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು. ಮಧ್ಯಾಹ್ನ ದಾಟಿತು. ಲೆಸ್ ಕೂತಲ್ಲಿ ಕೂರಲಾರ.

"ಏನಾದ್ರೂ ಮಾಡ್ರೀ! ಸುಮ್ನೆ ಕೂತಿದೀರಲ್ಲ!"

"ಮಗುವಿನ ಎದೆ ಚೆನ್ನಾಗಿ ಬಡೀತಿದೆ. ಅವಸರ ಏನಿಲ್ಲ," ಅಂದಳು ಐಯೋನ್. "ಹೆರೋದು ಅವಳು, ನಾವಲ್ಲ."

ನೋವಿನ ನಡುವೆಯೂ ಮಾರ್ಲಿಸ್‌ಗೆ ನಗು ಬಂತು. ಸಂಜೆ ನಾಲ್ಕೂವರೆಗೆ ಹೆಣ್ಣುಮಗು ಹುಟ್ಟಿತು. ಎದೆಯ ಮೇಲಕ್ಕೆ ಅದನ್ನು ಮಾರ್ಲಿಸ್ ತಾನೇ ಎತ್ತಿಕೊಂಡಳು, ಯಾರೂ ಎತ್ತಿಕೊಡಬೇಕಾಗಲಿಲ್ಲ.

ಮುಂದಿನ ಮಾರ್ಚ್‌ನಲ್ಲಿ ಒಂದು ಭಾನುವಾರ, ಚರ್ಚು ಮುಗಿದ ಮೇಲೆ ಡಾಕ್ಟರ್ ಹಿಂಕ್ಲಿಯ ಫೋನು ಬಂತು. ಶೋಕಿಗೆಂದು ಅವರು ಆರು ಹಸು ಸಾಕಿದ್ದರು. ಒಂದಕ್ಕೆ ಹೋದ ವರ್ಷ ಹೊಟ್ಟೆ ಕೊಯ್ದು ಕರು ತೆಗೆಯಲಾಗಿತ್ತು. ಆ ಸೀಮೆಯಲ್ಲಿ ಅಂಥ ಹಸುವನ್ನು ಸಂತೆಗೆ ಅಟ್ಟುತ್ತಾರೆ, ಆದರೆ ಮಗಳು ಹೆಸರಿಟ್ಟ ಹಸುವೆಂದು ಇವರು ಇಟ್ಟುಕೊಂಡಿದ್ದರು. ಈಗ ಅದಕ್ಕೆ ನೋವು ಬಂದಿತ್ತು.

ಮಾರ್ಲಿಸ್ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಹೋದಳು. ಕೂಸನ್ನು ಡಾಕ್ಟರ ಕೈಗೆ ಕೊಟ್ಟು, ಹಸುವಿನೊಳಗೆ ಕೈಯಾಡಿಸಿ ನೋಡಿ, ಬಕೆಟ್ ಬೋರಲು ಹಾಕಿಕೊಂಡು ಕೂತಳು.

"ಕರು ನೆಟ್ಟಗಿದೆ. ಹೋದ ವರ್ಷದ ಆಪರೇಷನ್ ಕಾಗದ ಇದೆಯಾ ಡಾಕ್ಟ್ರೇ?"

"ತಮಾಷೆ ಸಾಕು ಮಾರ್ಲಿಸ್! ಹೊಲಿಗೆ ಬಿಚ್ಕೊಂಡ್ರೆ? ಏನಾದ್ರೂ ಆದ್ರೆ?"

"ಆದ್ರೆ ದನದ ಡಾಕ್ಟ್ರು ನಲವತ್ತು ಮೈಲೀಲಿ ಇದಾರೆ. ಕರೆಸೋಣ. ಒಂದ್ ಗಂಟೆ ಕೂತ್ಕೊಳ್ಳಿ."

ಹಿಂಕ್ಲಿ ಕೂಸನ್ನೆತ್ತಿಕೊಂಡು ಹುಲ್ಲಿನ ಪಿಂಡಿಯ ಮೇಲೆ ಕೂತರು. ಗಡಿಯಾರ ನೋಡಿದರು, ಹಸುವನ್ನು ನೋಡಿದರು, ಮಡಿಲಲ್ಲಿ ನಿದ್ದೆ ಹೋದ ಕೂಸನ್ನು ಬಹಳ ಹೊತ್ತು ನೋಡಿದರು. ಐವತ್ತು ನಿಮಿಷಕ್ಕೆ ಕರು ತಾನಾಗಿ ಜಾರಿ ಬಿತ್ತು. ಕರು ಎಳೆಯುವ ಸರಪಳಿ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು.

ಆಸ್ಪತ್ರೆಯ ನಿಯಮ ಇವತ್ತಿಗೂ ಬದಲಾಗಿಲ್ಲ. ಆದರೆ ಅವತ್ತು ಮಾರ್ಲಿಸ್ ಕೈ ತೊಳೆಯುತ್ತಿದ್ದಾಗ ಡಾಕ್ಟರು ಜೇಬಿನಿಂದ ಔಷಧಿಚೀಟಿಯ ಪುಸ್ತಕ ತೆಗೆದರು.

"ಮೇ ತಿಂಗಳಲ್ಲಿ ಹೆರೋಳು, ನಿನ್ನಂಥವಳೇ ಒಬ್ಬಳು ಇದಾಳೆ ಕಣಮ್ಮಾ," ಅಂದರು, ಅವಳ ಮುಖ ನೋಡದೆ. "ಆ ಸೂಲಗಿತ್ತಿ ಫೋನ್ ನಂಬರ್ ಹೇಳು, ಬರ್ಕೋತೀನಿ."