ಅತ್ತೆಯ ಕಣ್ಣು, ಕಾರಿನ ಪಂಪು

ಗ್ಯಾರೇಜಿನವ ಅಂದ ಆ ಮಾತು ಪಂಪಿನಣ್ಣನ ಹೊಟ್ಟೆಯಲ್ಲಿ ಇವತ್ತಿಗೂ ಕಲ್ಲಿನ ಹಾಗೆ ಕೂತಿದೆ. "ಅಣ್ಣ, ನೀವು ನೀರಿನ ಪಂಪಿನವರು. ಇದು ಇಂಜಿನ್ನಿಂದು. ಕೈ ಹಾಕ್ಬೇಡಿ." ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದನೋ ಏನೋ. ಪಕ್ಕದಲ್ಲಿ ಟೈರಿಗೆ ಗಾಳಿ ತುಂಬಿಸಲು ಬಂದಿದ್ದ ಯಾವನೋ ಗೊತ್ತಿಲ್ಲದವನೂ ನಕ್ಕುಬಿಟ್ಟ.

ಇಪ್ಪತ್ತೆಂಟು ವರ್ಷದಿಂದ ಊರಿನ ಬಾವಿಗಳಿಂದ ಮಹಡಿಯ ಟ್ಯಾಂಕುಗಳಿಗೆ ನೀರು ಹತ್ತಿಸಿದ ಕೈ ಅದು. ಐದನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನಿಗೆ ಮುಂದಿನ ಓದೆಲ್ಲ ಪಂಪಿನ ಹೊಟ್ಟೆಯೊಳಗೇ ಆಯಿತು. ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಬೋಲ್ಟು ಜಗ್ಗದಿದ್ದರೆ ಮೊದಲು ಬೋಲ್ಟಿಗೆ ಬೈಯುತ್ತಿದ್ದ, ಆಮೇಲೆ ಅದನ್ನು ಬಿಗಿದವನಿಗೆ, ಕೊನೆಗೆ ಹತ್ತಿರ ನಿಂತವರಿಗೆ.

ಅವನ ಕಾರು ಏರು ಕಂಡರೆ ಕೆಮ್ಮಿ ಕೆಮ್ಮಿ ನಿಲ್ಲತೊಡಗಿತ್ತು. ಇಂಜಿನ್ನಿನ ತಲೆಯ ಮೇಲೆ ಕೂತು ಪೆಟ್ರೋಲನ್ನು ಭಾರಿ ಒತ್ತಡದಲ್ಲಿ ನೂಕುವ ಮುಷ್ಟಿಗಾತ್ರದ ಪಂಪು ಹೋಗಿತ್ತು. ಗ್ಯಾರೇಜಿನವನಿಗೆ ಮುಂದಿನ ಗುರುವಾರದವರೆಗೆ ಬಿಡುವಿಲ್ಲ. ಸೋಮವಾರ ಹತ್ತಕ್ಕೆ ಅತ್ತೆಯ ಕಣ್ಣಿನ ಆಪರೇಷನ್. ನಾಲ್ಕು ತಿಂಗಳು ಕಾದು ಸಿಕ್ಕಿದ ದಿನ. ಈಗಾಗಲೇ ಆಕೆ ಬೀರುವಿನ ಬಾಗಿಲು ತೆಗೆದು ಅಂಗಳಕ್ಕೆ ಹೊರಡುವ ಸ್ಥಿತಿಗೆ ಬಂದಿದ್ದಳು.

"ಟ್ಯಾಕ್ಸಿಗೆ ಹೇಳೋಣ್ವೇನ್ರೀ?" ಅಂದಳು ಹೆಂಡತಿ.

"ಮನೇಲಿ ಕಾರಿಟ್ಕೊಂಡು ಅತ್ತೇನ ಬಾಡಿಗೆ ಗಾಡೀಲಿ ಕಳಿಸ್ಲಾ? ಪಂಪು ಅಂದ್ರೆ ಪಂಪು ಕಣೇ! ನೀರಾದ್ರೇನು, ಪೆಟ್ರೋಲಾದ್ರೇನು?"

ಶನಿವಾರ ಹೊಸ ಪಂಪು ಬಂತು. ಜೊತೆಗೆ ಮನೆಗೆ ಹೊಸ ಕಾನೂನೂ ಬಂತು. ಕೆಲಸ ಮುಗಿಯುವವರೆಗೆ ಒಲೆ ಹಚ್ಚುವಂತಿಲ್ಲ. ಎಲ್ಲರಿಗೂ ಬ್ರೆಡ್ಡು, ಬಾಳೆಹಣ್ಣು. ಬೆಂಕಿಪೊಟ್ಟಣಗಳನ್ನೆಲ್ಲ ಹುಡುಕಿ ತನ್ನ ಜೇಬಿಗೆ ತುಂಬಿಕೊಂಡ.

"ಆರು ಪೊಟ್ಟಣ ಎದೆಗಿಟ್ಕೊಂಡು ಪೆಟ್ರೋಲಿಗೆ ಬಗ್ತೀರಲ್ರೀ!" ಎಂದು ಹೆಂಡತಿ ಕೂಗಿದ ಮೇಲೆ ಅವು ಬಾವಿಕಟ್ಟೆಗೆ ಹೋದವು.

ಗೇಟಿಗೆ ಒಂದು ರಟ್ಟು ನೇತುಹಾಕಿದ: "ಇಲ್ಲಿ ಹೈ ಪ್ರೆಶರ್ ಇದೆ. ಗಲಾಟೆ ಮಾಡಬೇಡಿ." ಎದುರು ಮನೆಯ ನಿವೃತ್ತ ಕಂಪೌಂಡರು ಅದನ್ನೋದಿ ಬಿ.ಪಿ. ಯಂತ್ರ ಹಿಡಿದು ಓಡಿಬಂದರು. ಕಾರಿನದು ಅಂತ ಗೊತ್ತಾದ ಮೇಲೂ, ಬಂದದ್ದು ಬಂದಾಯಿತು ಎಂದು ಪಂಪಿನಣ್ಣನ ತೋಳಿಗೇ ಪಟ್ಟಿ ಸುತ್ತಿದರು. ಯಂತ್ರ ತೋರಿಸಿದ್ದನ್ನು ಯಾರಿಗೂ ಹೇಳದೆ, ಗೇಟನ್ನು ಸದ್ದಾಗದಂತೆ ಹಾಕಿಕೊಂಡು ಹೋದರು.

ಕೀಲಿ ತಿರುಗಿಸುವ ಹುದ್ದೆ ಅತ್ತೆಗೆ. ಡ್ರೈವರ್ ಸೀಟಿನಲ್ಲಿ ಆಕೆ ನ್ಯಾಯಾಧೀಶರಂತೆ ಕೂತಳು.

ಅವನು ಟ್ಯಾಂಕಿನಿಂದ ಪೆಟ್ರೋಲು ಬರಿಸುವ ಮೋಟರಿನ ಫ್ಯೂಸು ಕಿತ್ತು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಪೈಪಿನ ಒತ್ತಡ ಇಳಿಸಿದ. ಬ್ಯಾಟರಿ ತಂತಿ ಬಿಚ್ಚಿದ. ಎರಡು ಬೋಲ್ಟನ್ನೂ ಒಂದಾದ ಮೇಲೊಂದರಂತೆ ಅರ್ಧರ್ಧ ಸುತ್ತು ಸಡಿಲಿಸಿ ಹಳೆಯದನ್ನು ಎತ್ತಿದ, ಹೊಸದನ್ನು ಹಾಗೆಯೇ ಕೂರಿಸಿದ. ಅಲ್ಲಿಯವರೆಗೆ ಹೆಸರಿಡುವಂತಿಲ್ಲ. ಸ್ಟೀಲ್ ಪೈಪು ಜೋಡಿಸುವ ಹೊತ್ತಿಗೆ ಮಾತ್ರ ಕೈ ಹಳೇ ಚಾಳಿಯಂತೆ ಜೇಬಿಗೆ ಹೋಯಿತು. ನೀರಿನ ಪೈಪಿನ ತಿರುಪಿಗೆ ಸುತ್ತುವ ಬಿಳಿ ಟೇಪು ಹೊರಗೆ ಬಂತು. ಮೂರು ಸುತ್ತು ಸುತ್ತಿ ಬಿಗಿದು, ಫ್ಯೂಸು, ಬ್ಯಾಟರಿ ತಂತಿ ಮತ್ತೆ ಹಾಕಿದ.

ಅತ್ತೆ ಕೀಲಿ ತಿರುಗಿಸಿದಳು. ಇಂಜಿನ್ ಗುರ್ ಎಂದಿತು, ಪೈಪಿನ ಬುಡದಲ್ಲಿ ಪೆಟ್ರೋಲು ಜಿನುಗಿತು.

"ನಿಲ್ಸೀ ಅತ್ತೇ!"

ಒತ್ತಡ ಇಳಿಸಿ, ಬಿಚ್ಚಿ, ಐದು ಸುತ್ತು ಸುತ್ತಿದ. ಸೋರಿತು. ಏಳು ಸುತ್ತಿದ. ಸೋರಿತು. ಭಾನುವಾರ ಸಂಜೆಯ ಹೊತ್ತಿಗೆ ಪೈಪಿನ ತುದಿ ಬಾವು ಬಂದ ಹೆಬ್ಬೆರಳಿಗೆ ಪಟ್ಟಿ ಕಟ್ಟಿದಂತೆ ಕಾಣುತ್ತಿತ್ತು, ನಟ್ಟು ಅದರ ಮೇಲೆ ಏರಲೊಲ್ಲೆ ಎನ್ನುತ್ತಿತ್ತು.

ಸೋಮವಾರ ಎಂಟು ಗಂಟೆ. ಆಸ್ಪತ್ರೆಗೆ ಮುಕ್ಕಾಲು ಗಂಟೆಯ ದಾರಿ.

"ಅಳಿಯಂದಿರೇ, ಎರಡು ದಿನದಿಂದ ಅದೇನೋ ಪರಪರ ಅಂತ ಹರೀತಿದ್ದೀರಲ್ಲ, ಏನದು?"

"ಟೇಪು, ಅತ್ತೆ."

"ಬಿಚ್ಚಿ ಎಸೀರಿ. ಸೋಡಾ ಫ್ಯಾಕ್ಟರೀಲಿ ಹದಿನೈದು ವರ್ಷ ಗ್ಯಾಸಿನ ಪೈಪು ಜೋಡಿಸ್ದೋಳು ನಾನು. ಒಂದು ದಾರದೆಳೆ ಸುತ್ತಿಲ್ಲ. ಪೈಪಿನ ಮೂತಿ ಗುಳೀಲಿ ನೆಟ್ಟಗೆ ಕೂತ್ರೆ ಲೋಹಕ್ಕೆ ಲೋಹ ಕಚ್ಕೊಳ್ಳುತ್ತೆ. ಮಧ್ಯೆ ಟೇಪು ಯಾಕೆ, ಗಂಡ ಹೆಂಡ್ತಿ ನಡುವೆ ನೆಂಟರ ಹಾಗೆ?"

"ಹದಿನೈದು ವರ್ಷಾನಾ? ಒಂದಿನಾನೂ ಹೇಳಿಲ್ವಲ್ಲ!"

"ಈ ಮನೇಲಿ ಬೇರೆಯವರ ಬಾಯಿಗೆ ಸರದಿ ಬಂದ್ರೆ ತಾನೇ?"

ಪಂಪಿನಣ್ಣನ ಕಿವಿ ಕೆಂಪಾಯಿತು. "ಟೇಪಿಂದೇ ತಪ್ಪಾಗಿದ್ರೆ ಬೀದೀಲಿ ನಿಂತು ಮೂರು ಸಲ ತಪ್ಪಾಯ್ತು ಅಂತೀನಿ, ಕೇಳಿಸ್ಕೊಳ್ಳಿ!" ಎಂದು ಗುಡುಗಿದ. ಎದುರು ಮನೆಯ ಕಂಪೌಂಡರಿಗೂ ಕೇಳಿಸಿತು.

ಟೇಪಿನ ಚೂರುಗಳನ್ನೆಲ್ಲ ಹೆಕ್ಕಿದ. ಪೈಪಿನ ಮೂತಿ ಒರೆಸಿ, ಊದಿ, ನಟ್ಟನ್ನು ಮೊದಲು ಬೆರಳಲ್ಲೇ ತಿರುಗಿಸಿ, ಆಮೇಲೆ ಸ್ಪ್ಯಾನರು ಹಾಕಿದ. ಅತ್ತೆ ಕೀಲಿ ತಿರುಗಿಸಿದಳು. ಇಂಜಿನ್ ಶುರುವಾಯಿತು. ಒಂದು ಹನಿ ಇಲ್ಲ. ಎದುರು ಮನೆಯಿಂದ ಬಂದು ಟಾರ್ಚು ಬಿಟ್ಟು ನೋಡಿದ ಕಂಪೌಂಡರು "ನಾರ್ಮಲ್" ಎಂದು ಘೋಷಿಸಿದರು.

"ಈಗ ಹೇಳಿ," ಅಂದಳು ಅತ್ತೆ.

"ಮೊದ್ಲು ಆಸ್ಪತ್ರೆ ಅತ್ತೆ, ಹೊತ್ತಾಯ್ತು."

ಹತ್ತಕ್ಕೆ ಐದು ನಿಮಿಷ ಇರುವಾಗ ತಲುಪಿದರು. ಆಪರೇಷನ್ ಸಲೀಸಾಗಿ ಮುಗಿಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಆಕೆ ಅಳಿಯನ ಮುಖವನ್ನೇ ಬಹಳ ಹೊತ್ತು ನೋಡಿ, "ಮಸುಕಾಗಿದ್ದಾಗ ಇಷ್ಟು ಗಂಟು ಕಾಣ್ತಿರ್ಲಿಲ್ಲ," ಅಂದಳು.

ತಪ್ಪಾಯ್ತು ಅನ್ನುವುದನ್ನು ಅವನು ಒಂದು ಸಲ ಅಂದದ್ದು ನಿಜ. ಮನೆ ಮುಟ್ಟಿ ಕಾರಿನ ಬಾಗಿಲು ಧಡಾರನೆ ಹಾಕುವಾಗ, ಆ ಸದ್ದಿನೊಳಗೆ ಅಂದ. ಅತ್ತೆ ದೊಡ್ಡ ಮನಸ್ಸು ಮಾಡಿ ಅದನ್ನು ಮೂರರಲ್ಲಿ ಒಂದು ಅಂತ ಲೆಕ್ಕಕ್ಕೆ ಹಿಡಿದಳು. ಆರು ವರ್ಷವಾಯಿತು. ಕಾರು ಹೊರಡುವಾಗಲೆಲ್ಲ ಆಕೆ ಗೇಟಿನಲ್ಲಿ ನಿಂತು ಎರಡು ಬೆರಳು ಎತ್ತಿ ತೋರಿಸುತ್ತಾಳೆ. ಬೀದಿಯವರು ಅದನ್ನು ಹೋಗಿ ಬಾ ಎಂಬ ಹಾರೈಕೆ ಅಂದುಕೊಂಡಿದ್ದಾರೆ. ಪಂಪಿನಣ್ಣ ಗಾಜು ಏರಿಸಿಕೊಂಡು ಹೊರಟುಬಿಡುತ್ತಾನೆ.