ಮಾಳಿಗೆಯ ಮೇಲಿನ ನಾಲ್ಕು ತಟ್ಟೆಗಳು

ನಮ್ಮ ಮನೆಯಲ್ಲಿ ಊಟಕ್ಕೆ ತಟ್ಟೆ ಸಾಲದೆ ಬಂದ ವರ್ಷವೊಂದಿತ್ತು. ನೆಂಟರು ಹೆಚ್ಚಾಗಿ ಅಲ್ಲ. ನಾಲ್ಕು ಸ್ಟೀಲ್ ತಟ್ಟೆಗಳು ಮೈಗೆ ಶೇಂಗಾ ಎಣ್ಣೆ ಸವರಿಸಿಕೊಂಡು ಮಾಳಿಗೆಯ ನಾಲ್ಕು ಮೂಲೆಗಳಲ್ಲಿ ಬಿಸಿಲು ಕಾಯುತ್ತಿದ್ದವು. ಇಟ್ಟವಳು ಮಗಳು. ಅವಳಿಗೆ ಧೂಳು ಬೇಕಾಗಿತ್ತು.

ಆಗ ಹೊಸಪೇಟೆಯಲ್ಲಿ ಧೂಳು ಬೇಕು ಎನ್ನುವವರು, ಅದಿರು ಕೊಳ್ಳುವ ಚೀನಾದವರನ್ನು ಬಿಟ್ಟರೆ, ಯಾರೂ ಇರಲಿಲ್ಲ. ಸಂಡೂರಿನ ಗುಡ್ಡಗಳಿಂದ ಕೆಂಪು ಕಬ್ಬಿಣದ ಅದಿರು ತುಂಬಿಕೊಂಡು ಬರುವ ಲಾರಿಗಳು, ದೊಡ್ಡ ರಸ್ತೆ ಕಿತ್ತುಹೋದ ಮೇಲೆ, ನಮ್ಮ ಮಣ್ಣಿನ ಓಣಿಯನ್ನೇ ಅಡ್ಡದಾರಿ ಮಾಡಿಕೊಂಡಿದ್ದವು. ನಾವು ಬಿಳಿ ಬಟ್ಟೆ ಕೊಳ್ಳುವುದನ್ನು ಬಿಟ್ಟಿದ್ದೆವು. ಮೊಸರಿನ ಪಾತ್ರೆಗೆ ಮುಚ್ಚಳ, ಮುಚ್ಚಳದ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಇನ್ನೊಂದು ಮುಚ್ಚಳ. ಆದರೂ ಮೊಸರು ತುಸು ಗುಲಾಬಿಯಾಗಿಯೇ ಇರುತ್ತಿತ್ತು. ತಲೆಯ ಮೇಲೆ ಗಣಿ ಧಣಿಗಳ ಹೆಲಿಕಾಪ್ಟರ್ ಹಾರಿದರೆ ಮೊದಮೊದಲು ಹೊರಗೆ ಓಡಿ ಬಂದು ನೋಡುತ್ತಿದ್ದ ಓಣಿ, ಆಮೇಲೆ ಒಣಗಲು ಹಾಕಿದ ಸಂಡಿಗೆಗೆ ಧೂಳು ಬೀಳುತ್ತದೆಂದು ಬೈಯತೊಡಗಿತ್ತು.

ಮಗಳು ಆಗ ಎರಡನೆಯ ಪಿಯುಸಿ. ದೂರದ ಊರಿನಲ್ಲಿ ವಿಜ್ಞಾನ ಬಿಟ್ಟು ಬೇರೇನನ್ನೂ ಕಲಿಸದ ಒಂದು ವಿಶ್ವವಿದ್ಯಾಲಯವಿತ್ತು. ಇಡೀ ದೇಶದಿಂದ ಅದು ತೆಗೆದುಕೊಳ್ಳುತ್ತಿದ್ದ ಮಕ್ಕಳು ನಮ್ಮ ಓಣಿಯಲ್ಲಿ ಸಂಜೆ ಆಡುವ ಮಕ್ಕಳಿಗಿಂತ ಕಡಿಮೆ. ಅಲ್ಲಿಗೆ ಅರ್ಜಿ ಹಾಕಲು ಎರಡು ಸುತ್ತು. ಪರೀಕ್ಷೆ ಬರೆದು, ಅಂಕಪಟ್ಟಿ ಹಿಡಿದು ಎಲ್ಲರ ಜೊತೆ ಹಾಕುವುದು ಎರಡನೆಯದು. ದೀಪಾವಳಿ ಕಳೆಯುತ್ತಲೇ, ಪರೀಕ್ಷೆಗೆ ಎಷ್ಟೋ ಮುಂಚೆ ಹಾಕುವುದು ಮೊದಲನೆಯದು. ಇದಕ್ಕೆ ಅಂಕ ಮುಖ್ಯವಲ್ಲ; ಮನೆಯ ಹತ್ತಿರ ತಾನೇ ವಾರಗಟ್ಟಲೆ ಮಾಡಿದ ಒಂದು ಅವಲೋಕನವನ್ನು ಬರೆದು ಕಳಿಸಬೇಕು. ಆದರೆ ಷರತ್ತು ಗಟ್ಟಿ: ಸೀಟು ಕೊಟ್ಟರೆ ಬೇರೆಲ್ಲೂ ಸೇರುವಂತಿಲ್ಲ ಎಂದು ತಂದೆ ಸಹಿ ಹಾಕಬೇಕು. ಸೀಟು ಕೊಡದಿದ್ದರೆ ಎರಡನೆಯ ಸುತ್ತಿಗೆ ಬರುವಂತಿಲ್ಲ.

ಮಗಳ ಅಂಕ ಕೆಟ್ಟವೇನಲ್ಲ. ಆದರೆ ಅಂಕದ ಸಾಲಿನಲ್ಲಿ ನಿಂತರೆ ಅವಳ ಮುಂದೆ ಬಹಳ ಜನ ಇರುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಇರುವುದು ಇದೊಂದೇ ಬಾಗಿಲು.

"ಕೂಸು ಹುಟ್ಟೋಕಿಂತ ಮೊದ್ಲ ಕುಲಾವಿ ಹೊಲಿಸಿದಂಗಾತು" ಎಂದರು ನಮ್ಮ ಅತ್ತೆ. "ಪರೀಕ್ಷಿನ ಆಗಿಲ್ಲ, ಸೀಟು ಕೇಳ್ತಾಳಂತ."

"ಅಜ್ಜಿ, ಅವ್ರು ಕುಲಾವಿನ ಕೇಳ್ಯಾರ. ಕೂಸು ಆಮ್ಯಾಲ" ಎಂದಳು ಮಗಳು.

ನಮ್ಮವರಿಗೆ ಕಂಪ್ಲಿಯ ಬ್ಯಾಂಕಿನಲ್ಲಿ ಕೆಲಸ. ಸಹಿಯ ಹಾಳೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ದಿನಾ ಕಂಪ್ಲಿಗೆ ಒಯ್ಯುತ್ತಿದ್ದರು, ದಿನಾ ವಾಪಸ್ ತರುತ್ತಿದ್ದರು. "ನಾಳೆ ಡಾಕ್ಟರ್ ಸೀಟು ಬಂದ್ರ ಏನ್ ಮಾಡೋದು?" ಎನ್ನುವರು. ಡಾಕ್ಟರ್ ಸೀಟು ಬರುವ ಲಕ್ಷಣ ಮನೆಯಲ್ಲಿ ಯಾರಿಗೂ ಕಂಡಿರಲಿಲ್ಲ. ಆದರೂ ಬಂದರೆ ಎಂದು ಒಂದು ಭಯ.

ಮಗಳ ಲೆಕ್ಕ ಸರಳ. ಲಾರಿ ಹೆಚ್ಚಿದಂತೆ ಧೂಳು ಎಷ್ಟು ಹೆಚ್ಚುತ್ತದೆ, ಅದನ್ನು ನೋಡುವುದು. ತಟ್ಟೆಗೆ ಬಿದ್ದ ಧೂಳನ್ನು ಹತ್ತಿಯಲ್ಲಿ ಒರೆಸಿ, ಭಾನುವಾರ ಬಜಾರಿನ ಪತ್ತಾರರ ಹತ್ತಿರ ಒಯ್ದು ಬಂಗಾರ ತೂಗುವ ತಕ್ಕಡಿಯಲ್ಲಿ ತೂಗಿಸುತ್ತಿದ್ದಳು. ಬರೀ ಎಣ್ಣೆ ಒರೆಸಿದ ಹತ್ತಿಯ ತೂಕವನ್ನು ಮೊದಲೇ ಬರೆದಿಟ್ಟುಕೊಂಡಿದ್ದಳು. ಎರಡರ ನಡುವಿನ ವ್ಯತ್ಯಾಸವೇ ನಮ್ಮ ಓಣಿ.

"ನೋಡವ್ವ, ಸದ್ಯ ಬಂಗಾರಕ್ಕಿಂತ ಇದಕ್ಕ ರೇಟು ಚಲೋ ಐತಿ. ಕೊಡ್ತೀಯೇನು?" ಎಂದು ಪತ್ತಾರರು ಪ್ರತಿ ಭಾನುವಾರ ಕೇಳುತ್ತಿದ್ದರು. ಪ್ರತಿ ಭಾನುವಾರ ತಾವೇ ನಗುತ್ತಿದ್ದರು.

ಲಾರಿ ಎಣಿಸುವ ಕೆಲಸ ಅತ್ತೆಯದು. ನಾನು ಮಲಪನಗುಡಿಯ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಹೋದರೆ ಸಂಜೆಗೇ ಮನೆ. ಹಗಲಿಗೆ ಮನೆಯಲ್ಲಿ ಅತ್ತೆ ಒಬ್ಬರೇ. ಊಟವಾದ ಮೇಲೆ ಕಟ್ಟೆಯ ಮೇಲೆ ಕೂತು, ಬಲಗೈಯಲ್ಲಿ ತುಳಸಿ ಮಣಿ ಎಣಿಸುತ್ತಾ, ಲಾರಿ ಹೋದಾಗಲೆಲ್ಲ ಎಡಗೈಯಿಂದ ಡಬ್ಬಿಗೆ ಒಂದು ಹುಣಸೆ ಬೀಜ ಹಾಕುತ್ತಿದ್ದರು. ಕುಲಾವಿಯ ಮಾತು ಬೇರೆ, ಮೊಮ್ಮಗಳ ಕೆಲಸ ಬೇರೆ. ಒಂದು ಬೀಜವೂ ತಪ್ಪುತ್ತಿರಲಿಲ್ಲ.

ಮೊದಲ ವಾರಗಳು ಚೆನ್ನಾಗಿ ಹೋದವು. ಬೀಜ ಹೆಚ್ಚಿದರೆ ಧೂಳೂ ಹೆಚ್ಚುತ್ತಿತ್ತು. ಮಗಳು ಊಟಕ್ಕೆ ಕೂತಾಗ ಹಾಡು ಗುನುಗುತ್ತಿದ್ದಳು. ದಸರೆ ಕಳೆದ ಮೇಲೆ ಲಾರಿಗಳು ಇನ್ನೂ ಜಾಸ್ತಿಯಾದವು, ಅತ್ತೆಯ ಡಬ್ಬಿ ತುಂಬಿ ಇನ್ನೊಂದು ಡಬ್ಬಿ ಬಂತು. ಧೂಳು ಮಾತ್ರ ಇಳಿಯಿತು. ಮರುವಾರ ಇನ್ನೂ ಇಳಿಯಿತು.

ಮಗಳು ಪತ್ತಾರರ ತಕ್ಕಡಿಯ ಮೇಲೆ ಅನುಮಾನಪಟ್ಟಳು. "ನಮ್ಮ ತಾತನ ಕಾಲದಾಗಿಂದ ಈ ತಕ್ಕಡಿಗೆ ಯಾರೂ ಒಂದು ಮಾತು ಅಂದಿಲ್ಲ" ಎಂದ ಅವರು ಆ ವಾರ ಬಂಗಾರದ ರೇಟಿನ ಮಾತು ಎತ್ತಲಿಲ್ಲ. ತಟ್ಟೆ ಬದಲಾಯಿಸಿದಳು. ಎಣ್ಣೆ ಬದಲಾಯಿಸಿದಳು. ಅರ್ಜಿ ಕಳಿಸುವ ದಿನ ಹತ್ತಿರ ಬಂತು. ಹಾಡು ನಿಂತಿತು.

ಆ ಹೊತ್ತಿಗೆ ಅವಳಿಗೆ ಜ್ವರ ಬಂದು ಕಾಲೇಜಿಗೆ ಹೋಗದೆ ಮನೆಯಲ್ಲಿ ಉಳಿದಳು. ಮಧ್ಯಾಹ್ನ ತಟ್ಟೆ ನೋಡಲು ಮಾಳಿಗೆ ಹತ್ತಿದಾಗ ಓಣಿಯಲ್ಲಿ ಕಂಡದ್ದನ್ನು ಸಂಜೆ ನನಗೆ ಹೇಳಿದಳು. ಪ್ರತಿ ಮನೆಯಿಂದಲೂ ಒಬ್ಬೊಬ್ಬ ಹೆಂಗಸು ಬಕೆಟು ಹಿಡಿದು ಬಂದು, ಬಟ್ಟೆ ಒಗೆದ ನೀರನ್ನು ರಸ್ತೆಗೆ ಚಿಮುಕಿಸುತ್ತಿದ್ದರಂತೆ. ತಮ್ಮ ಬಾಗಿಲ ಮುಂದಷ್ಟೇ ಅಲ್ಲ, ಈ ತುದಿಯಿಂದ ಆ ತುದಿಯವರೆಗೆ. ದಿನಾ ನಾವಿಬ್ಬರೂ ಬರುವ ಹೊತ್ತಿಗೆ ಬಿಸಿಲು ಅದನ್ನೆಲ್ಲ ಹೀರಿರುತ್ತಿತ್ತು. ಅತ್ತೆ ಕಟ್ಟೆಯಿಂದ ದಿನಾ ನೋಡಿದ್ದರು, ಆದರೆ ಅವರಿಗೆ ಎಣಿಸಲು ಹೇಳಿದ್ದು ಲಾರಿ.

ಮಗಳು ಇಳಿದು ಹೋಗಿ ಎದುರು ಮನೆಯಾಕೆಯನ್ನು ಕೇಳಿದ್ದಳು. ಎರಡು ಟಿಪ್ಪರ್ ಇಟ್ಟುಕೊಂಡಿದ್ದ ಮನೆ ಅದು. ಅರ್ಧ ಧೂಳು ಅವರದೇ.

"ಏನವ್ವ ಹಿಂಗ ಕೇಳ್ತಿ? ನಿನ್ನ ಸಲುವಾಗೇ ಹಾಕಾಕತ್ತೀವಿ" ಎಂದಿದ್ದಳು ಆಕೆ. "ಮಾಳಗಿ ಮ್ಯಾಲಿನ ತಟ್ಟ್ಯಾಗ ಧೂಳ್ ನೋಡಿ ಸೀಟು ಕೊಡ್ತಾರಂತಲ್ಲ. ನಿಮ್ಮಜ್ಜಿ ಹೇಳ್ಯಾರ. ನಮ್ಮ ಓಣಿ ಹುಡುಗಿ ತಟ್ಟಿ ಹೊಲಸ್ ಇದ್ರ ನಮಗ ಮಾನ ಉಳೀತೈತೇನು?"

ಅತ್ತೆ ಹೇಳಿದ್ದು ಸುಳ್ಳಲ್ಲ. ಧೂಳು ನೋಡಿಯೇ ಸೀಟು. ಕಡಿಮೆ ಬಿದ್ದಷ್ಟೂ ಒಳ್ಳೆಯದು ಎನ್ನುವುದನ್ನು ಓಣಿ ತಾನೇ ಸೇರಿಸಿಕೊಂಡಿತ್ತು. ಮೂರು ಹೊತ್ತು ಒರೆಸುವ ಊರಿನಲ್ಲಿ ಯಾರಾದರೂ ಹಾಗೆಯೇ ತಿಳಿಯುತ್ತಿದ್ದರು.

ರಾತ್ರಿ ಊಟಕ್ಕೆ ಕೂತಾಗ ನಮ್ಮವರು ದಾರಿ ಹೇಳಿದರು. "ಮೊದಲಿನ ವಾರದ ಲೆಕ್ಕ ಚೆಂದ ಐತಲ್ಲ. ಅಷ್ಟ ಕಳ್ಸು. ಮುಂದಿಂದು ಬಿಡು. ಅವ್ರೇನು ಇಲ್ಲಿ ಬಂದು ನೋಡ್ತಾರೇನು?"

"ಬಿದ್ದಿದ್ದು ಬಿದ್ದೈತಲ್ಲಪ್ಪ" ಎಂದಳು ಮಗಳು. "ಬಿಟ್ರ ಅದು ನನ್ನ ಓಣಿ ಅಲ್ಲ."

ಮರುದಿನ ಜ್ವರದಲ್ಲೇ ಮನೆಮನೆಗೆ ಹೋಗಿ, ಉಳಿದಿರುವ ವಾರ ಯಾರೂ ನೀರು ಹಾಕಬೇಡಿ, ನೀರು ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು ಎಂದು ಹೋಲಿಸಬೇಕು ಎಂದು ಕೇಳಿಕೊಂಡಳು. ಓಣಿಗೆ ಅದು ಅವಮಾನದಂತೆ ಕಂಡಿತು. ಧೂಳು ಬೀಳಲಿ ಎಂದು ಕೈಮುಗಿದು ಕೇಳಿದವರನ್ನು ಅವರು ಹಿಂದೆ ನೋಡಿರಲಿಲ್ಲ. "ಜ್ವರ ತಲಿಗೇರೈತಿ, ಒಂದು ಅಂತ್ರ ಕಟ್ಟಿಸ್ರಿ ಟೀಚರಮ್ಮ" ಎಂದು ಒಬ್ಬರು ನನಗೆ ಹೇಳಿದರು. ಆದರೂ ಒಪ್ಪಿದರು. ಧೂಳು ಮೊದಲಿಗಿಂತ ಜೋರಾಗಿ ಬಿತ್ತು. ಎದುರು ಮನೆಯಾಕೆ ಮಾತ್ರ ತಡೆಯಲಾರದೆ, ಕದ್ದು, ತನ್ನ ಬಾಗಿಲಿಗೆ ಒಂದು ತಂಬಿಗೆ ಚಿಮುಕಿಸಿಬಿಟ್ಟಳು. ಅತ್ತೆ ಅದಕ್ಕೂ ಒಂದು ಬೀಜ ತೆಗೆದು ಬೇರೆ ಇಟ್ಟರು.

ಮಗಳು ಎಲ್ಲವನ್ನೂ ಬರೆದಳು: ಹೆಚ್ಚಿದ ಧೂಳು, ಇಳಿದ ಧೂಳು, ಬಟ್ಟೆ ಒಗೆದ ನೀರು, ಕಡೆಗೆ ಆ ತಂಬಿಗೆ. ನಮ್ಮವರು ಓದಿ, "ಇದು ವಿಜ್ಞಾನನೋ, ಓಣಿ ಪುರಾಣನೋ?" ಎಂದರು. ಆದರೆ ಬ್ಯಾಗಿನಿಂದ ಹಾಳೆ ತೆಗೆದು ಸಹಿ ಹಾಕಿದರು. ಹಾಳೆಯ ಅಂಚಿನಲ್ಲಿ ಅವರ ಹೆಬ್ಬೆರಳಿನ ಕೆಂಪು ಗುರುತು ಉಳಿಯಿತು. ಒರೆಸಿದರೆ ಇನ್ನೂ ಹರಡಿತು. ಹಾಗೇ ಕಳಿಸಿದೆವು.

ಸಂದರ್ಶನಕ್ಕೆ ಕರೆ ಬಂತು. ಮೂವರೂ ಹೋದೆವು. ನಮ್ಮವರು ಎಷ್ಟೋ ವರ್ಷಗಳ ಮೇಲೆ ಒಂದು ಬಿಳಿ ಅಂಗಿ ಕೊಂಡಿದ್ದರು. ಅಲ್ಲಿ ಸಂಜೆಯವರೆಗೂ ಅದು ಬಿಳಿಯಾಗಿಯೇ ಉಳಿದದ್ದನ್ನು ಆಗಾಗ ಕಾಲರ್ ಎಳೆದು ನೋಡಿಕೊಂಡರು. ಒಳಗೆ ಕೇಳಿದ್ದನ್ನು ಮಗಳು ರೈಲಿನಲ್ಲಿ ಹೇಳಿದಳು. ನೀರು ಹಾಕಬಾರದ ವಾರ ಆ ಹೆಂಗಸು ಒಂದೇ ತಂಬಿಗೆ ಹಾಕಿದಳೆಂದು ಹೇಗೆ ಗೊತ್ತು ಎಂದು ಪ್ರೊಫೆಸರ್ ಒಬ್ಬರು ಕೇಳಿದರಂತೆ.

"ಏನಂದಿ?" ಎಂದರು ನಮ್ಮವರು.

"ಖಾತ್ರಿ ಇಲ್ಲ ಅಂದೆ. ಅಜ್ಜಿ ಕಂಡಿದ್ದು ಒಂದು ತಂಬಿಗಿ ಅಂದೆ."

"ಅವ್ರೇನಂದ್ರು?"

"ಅಜ್ಜಿ ವಯಸ್ಸು ಕೇಳಿದ್ರು."

ನಮ್ಮವರು ಕಿಟಕಿಯ ಕಡೆ ತಿರುಗಿ ಕೂತರು. ಸೀಟು ಹೋಯಿತೆಂದು ನಾನೂ ಅಂದುಕೊಂಡೆ.

ಪರೀಕ್ಷೆ ಶುರುವಾಗುವ ಮುಂಚೆಯೇ ಸೀಟು ಸಿಕ್ಕ ಸುದ್ದಿ ಬಂತು. ಅತ್ತೆ ದೇವರ ಮುಂದೆ ದೀಪ ಹಚ್ಚಿ, ಟ್ರಂಕಿನಿಂದ ಹಳೆಯ ರೇಷ್ಮೆ ತುಂಡು ತೆಗೆದು ಮೊಮ್ಮಗಳ ತಲೆಗೆ ಹಿಡಿದು ನೋಡಿದರು. "ಕುಲಾವಿಗೆ ಸಾಲಂಗಿಲ್ಲ. ತಲಿ ದೊಡ್ಡದಾಗೇತಿ" ಎಂದು ಮಡಿಚಿಟ್ಟರು. ಎದುರು ಮನೆಯಾಕೆ ಪೇಡೆ ತಂದಳು. "ನೋಡ್ರಿ, ನಾವು ಹಾಕಿದ ನೀರು ದಂಡ ಆಗ್ಲಿಲ್ಲ" ಎಂದಳು. ಅದು ನಿಜವೇ ಆಗಿದ್ದರಿಂದ ಯಾರೂ ತಿದ್ದಲಿಲ್ಲ.

ಮಗಳು ಹೋದಳು. ನಾಲ್ಕು ತಟ್ಟೆಗಳು ಅಡುಗೆಮನೆಗೆ ಬಂದವು. ಊಟಕ್ಕೆ ಈಗ ಒಂದು ತಟ್ಟೆ ಹೆಚ್ಚೇ ಆಯಿತು. ಒಂದು ಶನಿವಾರ ನಾನು ಶಾಲೆಯಿಂದ ಮಧ್ಯಾಹ್ನವೇ ಬಂದಾಗ ಓಣಿ ಉದ್ದಕ್ಕೂ ಒದ್ದೆಯಾಗಿತ್ತು. ಎದುರು ಮನೆಯಾಕೆ ಬಕೆಟು ಹಿಡಿದು ನಿಂತಿದ್ದಳು.

"ಅಕಿ ಹೋದ್ಲು, ತಟ್ಟಿನೂ ಇಲ್ಲ. ಇನ್ನೂ ಯಾಕ ಹಾಕ್ತೀರಿ?" ಎಂದೆ.

"ಅಲ್ಲಿನೂ ಪರೀಕ್ಷಿ ಇರ್ತಾವಲ್ರಿ" ಎಂದಳು.

ನಾನು ಒಳಗೆ ಹೋಗಿ, ಬೆಳಿಗ್ಗೆ ಬಟ್ಟೆ ಒಗೆದ ನೀರು ಬಚ್ಚಲಿನ ತೊಟ್ಟಿಯಲ್ಲಿ ಇನ್ನೂ ಇದೆಯೇ ಎಂದು ನೋಡಿದೆ. ಇತ್ತು. ಬಕೆಟಿಗೆ ಮೊಗೆದುಕೊಂಡು ಬಂದೆ.