ಓದಿ ಅಳಿಸಿದ ಸ್ಕ್ರಾಪುಗಳು

ಒಂದು ಕಾಲಕ್ಕೆ ಎಲ್ಲರೂ ಪುಟ ಮಾಡಿಕೊಂಡು ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಿದ್ದ ಆ ಇಂಟರ್ನೆಟ್ ಸೈಟು ಮುಚ್ಚುತ್ತದೆ ಎಂದು ನನಗೆ ಹೇಳಿದ್ದು ಆಫೀಸಿನಲ್ಲಿ ಪಕ್ಕದ ಸೀಟಿನವಳು. ಯಶವಂತಪುರದಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಟ್ರಾವೆಲ್ಸ್ ಆಫೀಸಿನಲ್ಲಿ ನಾವಿಬ್ಬರೂ ಟಿಕೆಟ್ ಬುಕ್ ಮಾಡಿಕೊಡುತ್ತಿದ್ದೆವು. "ಲೇ, ನಿನ್ ಅಕೌಂಟ್ ಇನ್ನೂ ಇದ್ಯಾ? ಮುಚ್ತಾರಂತೆ ಕಣೆ. ಬೇಕಾದ್ದೆಲ್ಲ ಡೌನ್‌ಲೋಡ್ ಮಾಡ್ಕೊಬೇಕಂತೆ," ಎಂದಳು. ಎರಡು ಸಾವಿರದ ಹದಿನಾಲ್ಕನೇ ಇಸವಿ ಅದು. ಅಷ್ಟೊತ್ತಿಗೆ ಎಲ್ಲರೂ ಅಲ್ಲಿಂದ ಗಂಟುಮೂಟೆ ಕಟ್ಟಿ ಇನ್ನೊಂದು ಸೈಟಿಗೆ ಹೋಗಿ ಆಗಿತ್ತು, ನಾನೂ ಹೋಗಿದ್ದೆ. "ಮುಚ್ಚಿದ್ರೆ ಮುಚ್ಕೊಳ್ಳಿ, ಅಲ್ಲೇನಿದೆ ಮಣ್ಣು," ಎಂದೆ. ಅಂದ ಮೇಲೆ ತಮ್ಮ ನೆನಪಾದ.

ತಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಜ್ವರ ಎಂದು ಮಲಗಿದ, ಆಸ್ಪತ್ರೆಗೆ ಸೇರಿಸಿದೆವು, ತಿರುಗಿ ಮನೆಗೆ ಬರಲಿಲ್ಲ. ಅದಕ್ಕಿಂತ ಹೆಚ್ಚು ಹೇಳಲು ಏನೂ ಇಲ್ಲ. ಇದ್ದರೂ ನಾನು ಹೇಳುವವಳಲ್ಲ. ಬಂದವರೆಲ್ಲ ನನ್ನ ಕೈ ಹಿಡಿದು, "ಅತ್ಬಿಡಮ್ಮ, ಹಗುರ ಆಗತ್ತೆ," ಎನ್ನುತ್ತಿದ್ದರು. ಅಳು ಬಂದರೆ ತಾನೆ ಅಳುವುದು? ತುಂಬ ಹೊತ್ತು ಮಡಿಸಿ ಕೂತ ಕಾಲಿನ ಹಾಗೆ ನನ್ನ ಎದೆಗೇ ಜೋಮು ಹಿಡಿದಿತ್ತು. ದಿನಾ ಬಸ್ಸು ಹತ್ತುತ್ತಿದ್ದೆ, ಟಿಕೆಟ್ ಮಾಡುತ್ತಿದ್ದೆ, ಮನೆಗೆ ಬಂದು ಮುದ್ದೆ ತಿಂದು ಮಲಗುತ್ತಿದ್ದೆ.

ಅಮ್ಮನ ಸಂಕಟ ಬೇರೆ. ಅವನ ಫೋನು ಆ ಗಡಿಬಿಡಿಯಲ್ಲಿ ಎಲ್ಲೋ ಕಳೆದುಹೋಗಿತ್ತು. ಡಿಪ್ಲೊಮಾ ಓದುತ್ತಿದ್ದ ಹುಡುಗ, ಪುಸ್ತಕದ ತುಂಬ ಮೋಟಾರಿನ ಚಿತ್ರಗಳು. ಫೋಟೋ ಏನೋ ಇದ್ದವು. "ಫೋಟೋ ಮಾತಾಡಲ್ವಲ್ಲೇ. ಅವನಾಡಿದ್ದು ಒಂದು ಮಾತಾದ್ರೂ ಉಳೀಲಿಲ್ಲ," ಎಂದು ಅಮ್ಮ ಆಗಾಗ ಹೇಳುತ್ತಿದ್ದಳು. ಅವತ್ತು ಸಾಯಂಕಾಲ ನಾನು, "ಇದೆಯಮ್ಮ, ನಂಗೆ ದಿನಾ ಬರೀತಿದ್ದ, ತಂದ್ಕೊಡ್ತೀನಿ," ಎಂದುಬಿಟ್ಟೆ. ಅಮ್ಮ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ನಿಂತಳು.

ಒಂದೇ ಮನೆಯಲ್ಲಿದ್ದವರು ಯಾಕೆ ಬರೆದುಕೊಳ್ಳುತ್ತಿದ್ದಿರಿ ಎಂದು ಯಾರಾದರೂ ಕೇಳಬಹುದು. ನಮ್ಮ ಮನೆ ನೋಡಿದ್ದರೆ ಕೇಳುತ್ತಿರಲಿಲ್ಲ. ಸಹಕಾರನಗರಕ್ಕೆ ಅಂಟಿಕೊಂಡ ಹಾಗೆ ಅಪ್ಪನ ಹಿಟ್ಟಿನ ಮಿಲ್ಲು, ಎಲ್ಲರ ಬಾಯಲ್ಲಿ ರಾಗಿ ಮಿಷನ್ನು. ಅದರ ಹಿಂದೆ ಎರಡು ರೂಮಿನ ಮನೆ. ಮಿಷನ್ನು ಓಡುತ್ತಿದ್ದರೆ ಕೂಗಿದರೂ ಕೇಳಿಸದು, ನಿಂತರೆ ಪಿಸುಮಾತೂ ಅಪ್ಪನ ಕಿವಿಗೆ. ಅದಕ್ಕೇ ತಮ್ಮ ಕ್ಲಾಸಿಗೆ ಚಕ್ಕರ್ ಹೊಡೆದು ಸೈಬರ್ ಸೆಂಟರಿನಲ್ಲಿ ಕೂತು ನನ್ನ ಪುಟದ ಮೇಲೆ ಬರೆಯುತ್ತಿದ್ದ. ನಾನು ಆಫೀಸಿನಿಂದ ಅವನ ಪುಟದ ಮೇಲೆ ಉತ್ತರ ಬರೆಯುತ್ತಿದ್ದೆ. ಹೀಗೆ ಬರೆದದ್ದನ್ನು ಸ್ಕ್ರಾಪು ಎನ್ನುತ್ತಿದ್ದರು. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುವುದು. ಯಾರ ಪುಟದ ಮೇಲೆ ಬರೆದೆವೋ ಅಲ್ಲೇ ಅದು ಉಳಿಯುತ್ತಿತ್ತು, ಬರೆದವರ ಹತ್ತಿರ ಏನೂ ಇರುತ್ತಿರಲಿಲ್ಲ.

ಆ ಸೈಟಿನಲ್ಲಿ ನನ್ನ ತಮ್ಮನಿಗೆ ಹೆತ್ತವರಿಟ್ಟ ಹೆಸರು ಸಾಲದೆ ಹೋಗಿತ್ತು. ಏರಿಯಾದ ಹೆಸರಿನ ಮುಂದೆ ಟೈಗರ್ ಎಂದು ಸೇರಿಸಿಕೊಂಡಿದ್ದ. ಮುಖದ ಜಾಗದಲ್ಲಿ ಯಾರದೋ ಬೈಕಿನ ಫೋಟೋ. ಮನೆಯಲ್ಲಿ ಜಿರಲೆ ಕಂಡರೆ ಮಂಚ ಹತ್ತುವ ಟೈಗರ್.

ನಾಗಸಂದ್ರದ ಚಿಕ್ಕಪ್ಪ ಹೊಸದಾಗಿ ಕಂಪ್ಯೂಟರ್ ಕೊಂಡವರು, ನೆಂಟರ ಮಕ್ಕಳ ಪುಟಗಳನ್ನೆಲ್ಲ ಇಣುಕಿ ನೋಡುವುದೇ ಅವರಿಗೆ ಕೆಲಸ. ನನಗೆ ಗಂಡು ನೋಡುತ್ತಿದ್ದ ಕಾಲ. ಒಂದು ಭಾನುವಾರ ಬೆಳಿಗ್ಗೆ ಬಂದವರೇ ಅಪ್ಪನಿಗೆ, "ಅಣ್ಣಾ, ತಪ್ಪು ತಿಳ್ಕೊಬೇಡ. ಯಾವನೋ ಟೈಗರ್ ಅಂತೆ, ರೌಡಿ ನನ್ಮಗ. ನಿನ್ ಮಗಳಿಗೆ ದಿನಾ ಬರೀತಾನೆ. ಸಂಜೆ ಬೇಗ ಬಾ, ಪಾನಿಪುರಿ ಕೊಡ್ಸು ಅಂತಾನೆ. ನಾಳೆ ಗಂಡಿನ ಕಡೆಯೋರು ನೋಡಿದ್ರೆ ಏನ್ ಗತಿ?" ಎಂದರು. ರೌಡಿ ನನ್ಮಗ ಅಲ್ಲೇ ಗೋಡೆಗೆ ಒರಗಿ ಉಪ್ಪಿಟ್ಟು ತಿನ್ನುತ್ತಿದ್ದ. ಗಂಟಲಿಗೆ ಸಿಕ್ಕಿಕೊಂಡು ಕೆಮ್ಮತೊಡಗಿದ. ಅಮ್ಮ ಓಡಿಬಂದು ತಲೆ ತಟ್ಟಿದಳು. ಅಪ್ಪ ನನ್ನನ್ನೇ ನೋಡುತ್ತಿದ್ದರು.

ಇವನೇ ಟೈಗರ್ ಎಂದರೆ ಕ್ಲಾಸಿಗೆ ಹೋಗದೆ ಸೈಬರಿನಲ್ಲಿ ಕೂರುವುದು ಗೊತ್ತಾಗುತ್ತದೆ, ಅಪ್ಪ ಕಾಲು ಮುರಿಯುತ್ತಾರೆ. "ಯಾರೋ ಗೊತ್ತಿಲ್ಲ ಚಿಕ್ಕಪ್ಪ, ತೆಗೆದುಹಾಕ್ತೀನಿ ಬಿಡಿ," ಎಂದೆ. ಅಂದಿನಿಂದ ನಮ್ಮಿಬ್ಬರದು ಒಂದೇ ಕರಾರು: ಅವನು ಬರೆಯಬೇಕು, ನಾನು ಓದಿ ಆ ಕ್ಷಣವೇ ಅಳಿಸಬೇಕು. ಹಳೆಯದನ್ನೂ ಕೂತು ಅಳಿಸಿದೆ. ಇದರಲ್ಲಿ ನನ್ನ ತಪ್ಪೇನಿದೆ? ಏನೂ ಇಲ್ಲ, ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆಗ ಹುಡುಗಿಯರೆಲ್ಲ ಹಾಗೇ, ಓದುವುದು, ಅಳಿಸುವುದು. ಹುಡುಗರದು ಉಲ್ಟಾ. ಪುಟದ ಮೇಲೆ ಎಷ್ಟು ಸ್ಕ್ರಾಪು ಬಿದ್ದಿವೆ ಎಂದು ಲೆಕ್ಕ ಕಾಣಿಸುತ್ತಿತ್ತು, ಅದೇ ಅವರಿಗೆ ಮೀಸೆ. ಟೈಗರ್ ಒಂದನ್ನೂ ಅಳಿಸಿದವನಲ್ಲ.

ಅಮ್ಮನಿಗೆ ತಂದುಕೊಡುತ್ತೇನೆ ಎಂದಾಗ ಇದು ನನಗೆ ಮರೆತಿರಲಿಲ್ಲ. ಆದರೆ ಅಳಿಸಿದ್ದೂ ಅವರ ಹತ್ತಿರ ಎಲ್ಲಾದರೂ ಇರುತ್ತದೆ ಎಂದುಕೊಂಡಿದ್ದೆ. "ಕಂಪ್ಯೂಟರಲ್ಲಿ ಯಾವ್ದೂ ಪೂರ್ತಿ ಹೋಗಲ್ಲ ಕಣೆ," ಎಂದು ಪಕ್ಕದವಳೂ ಹೇಳಿದ್ದಳು. ಊಟದ ಹೊತ್ತಿನಲ್ಲಿ ನನ್ನ ಪುಟವನ್ನೆಲ್ಲ ಡೌನ್‌ಲೋಡಿಗೆ ಹಾಕಿದೆ. ಫೈಲು ಬಂತು, ಬಿಚ್ಚಿದೆ. ಹಬ್ಬದ ಶುಭಾಶಯಗಳು, ಮಿಣಮಿಣ ಮಿನುಗುವ ಗುಲಾಬಿಗಳು, ಕಾಲೇಜಿನವರ ಹಾಯ್, ಗುಡ್ ಮಾರ್ನಿಂಗು. ನನ್ನ ಜೀವನದಲ್ಲಿ ಯಾರ್ಯಾರು ಏನೂ ಅಲ್ಲವೋ ಅವರೆಲ್ಲ ಅಚ್ಚುಕಟ್ಟಾಗಿ ಕೂತಿದ್ದರು. ಟೈಗರ್ ಎಂದು ಹುಡುಕಿದೆ. ಇಲ್ಲ. ಇನ್ನೊಮ್ಮೆ ಹುಡುಕಿದೆ. ಅಷ್ಟರಲ್ಲಿ ಕೌಂಟರಿಗೆ ಒಬ್ಬರು ಬಂದರು, ಅವರಿಗೆ ಹುಬ್ಬಳ್ಳಿಗೆ ಟಿಕೆಟ್ ಮಾಡಿಕೊಟ್ಟೆ.

ಅವನ ಗೆಳೆಯರ ಪುಟಗಳಲ್ಲಾದರೂ ಸಿಗಬಹುದೆಂದು ಹೋದೆ. ಬಹುಪಾಲು ಹುಡುಗರು ಅಕೌಂಟನ್ನೇ ಮುಚ್ಚಿಕೊಂಡು ಹೋಗಿದ್ದರು. ಒಬ್ಬನ ಪುಟದಲ್ಲಿ ಮಾತ್ರ ಅವನದೊಂದು ಸಾಲಿತ್ತು, "ಮಚ್ಚಾ" ಎಂದು ಶುರುವಾಗಿ ಮುಂದೆಲ್ಲ ಬರೀ ಬೈಗುಳ. ಹೆತ್ತವಳಿಗೆ ಅದನ್ನು ಓದಿ ಹೇಳುವುದಾದರೂ ಹೇಗೆ?

ಕೊನೆಗೆ ಅವನ ಪುಟವನ್ನೇ ತೆರೆದೆ. ಅದೇ ಬೈಕು. ಕೆಳಗೆ ನಾನು ಬರೆದದ್ದೆಲ್ಲ ಇತ್ತು, ಒಂದೂ ಬಿಡದೆ. ಅವನ ಪ್ರಶ್ನೆಗಳು ಹೋಗಿ ನನ್ನ ಉತ್ತರಗಳು ಮಾತ್ರ ಉಳಿದಿದ್ದವು. ಆಫೀಸಿನ ಕೆಲಸ ಮಾಡುವ ಹಾಗೇ ಒಂದೊಂದನ್ನೇ ಎತ್ತಿ ಅಂಟಿಸಿ ಪ್ರಿಂಟ್ ತೆಗೆದೆ. ಆಗಲೂ ಏನೂ ಅನ್ನಿಸಲಿಲ್ಲ, ಪ್ರಿಂಟರಿನಲ್ಲಿ ಇಂಕು ಕಮ್ಮಿ ಇದೆ ಎಂದಷ್ಟೇ ಅನ್ನಿಸಿತು.

ಭಾನುವಾರ ಮಧ್ಯಾಹ್ನ ಕರೆಂಟು ಹೋಗಿ ಮಿಷನ್ನು ನಿಂತಿತು. ಅಪ್ಪ ಹೊರಗೆ ಹೋಗಿದ್ದರು. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತು, "ಅಮ್ಮ, ಅವನ್ದು ಸಿಗ್ಲಿಲ್ಲ. ಅವನಿಗೆ ನಾನ್ ಬರ್ದಿದ್ದು ಮಾತ್ರ ಇದೆ," ಎಂದೆ. ಅಮ್ಮನಿಗೆ ಇಂಗ್ಲಿಷ್ ಅಕ್ಷರ ಬಾರದು. ಕಾಗದವನ್ನು ಒಮ್ಮೆ ಮುಟ್ಟಿ, "ಅದನ್ನೇ ಓದು," ಎಂದಳು.

"ಆಗಲ್ಲ ಕಣೋ, ಅಪ್ಪಂಗೆ ನೀನೇ ಕೇಳು," ಎಂದು ಓದಿದೆ.

"ಬೈಕ್ ಕೇಳಿರ್ತಾನೆ," ಎಂದಳು ಅಮ್ಮ.

"ಮೇಲಿನ ಶೆಲ್ಫ್, ಸ್ಟೀಲ್ ಡಬ್ಬಿ ಹಿಂದೆ. ಎಲ್ಲಾ ಖಾಲಿ ಮಾಡ್ಬೇಡ."

"ಕೋಡ್ಬಳೆ. ನೀನಾ ತೋರ್ಸಿದ್ದು? ನಾನು ಇಲಿ ಅಂತಿದ್ದೆ."

"ಹುಡುಗ ಪರ್ವಾಗಿಲ್ಲ ಕಣೋ. ಅವರಮ್ಮನ್ನ ನೋಡಿದ್ರೇ ಭಯ."

"ಆ ಯಲಹಂಕದ ಸಂಬಂಧ. ಹುಡುಗ ಹೆಂಗಿದಾನೆ ಅಂತ ಕೇಳಿರ್ತಾನೆ. ನಂಗೂ ಭಯ ಆಗಿತ್ತು ಕಣೆ ಆ ಹೆಂಗ್ಸನ್ನ ನೋಡಿ."

"ಅಮ್ಮಂಗೆ ಹೇಳಲ್ಲ, ಆಣೆ. ಆದ್ರೆ ಬಿಟ್ಬಿಡೋ ಅದನ್ನ."

ಅಮ್ಮ ಒಂದು ಕಲ್ಲನ್ನು ಆರಿಸಿ ಎಸೆದಳು. "ಸಿಗರೇಟು. ಅಂಗಿ ಒಗೀತಿದ್ದೋಳು ನಾನೇ ಅಲ್ವಾ?"

ಹೀಗೇ ನಡೆಯಿತು. ನಾನು ಒಂದು ಸಾಲು ಓದುವುದು, ಅಮ್ಮ ಅವನ ಮಾತನ್ನು ಹೇಳುವುದು. ಒಂದೆರಡು ಕಡೆ ಅವನ ಹಾಗೇ ರಾಗ ಎಳೆದಳು. ಎರಡು ವರ್ಷದಲ್ಲಿ ಅವಳ ಮುಖದಲ್ಲಿ ಅಂಥ ಕಳೆ ನಾನು ನೋಡಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಅವಳಿಗೆ ಕೇಳಿಸುತ್ತಿದ್ದ ದನಿ ನನಗೆ ಕೇಳಿಸುತ್ತಿರಲಿಲ್ಲ.

ಕೊನೆಯ ಸಾಲು ಓದಿದೆ. ಅವನು ಜ್ವರ ಎಂದು ಮಲಗುವುದಕ್ಕೆ ಸ್ವಲ್ಪ ದಿನ ಮುಂಚೆ ನಾನು ಬರೆದದ್ದು.

"ಹೂಂ ಕಣೋ, ಪ್ರಾಮಿಸ್. ಮರೆಯಲ್ಲ."

ಅಮ್ಮನ ಕೈ ಅಕ್ಕಿಯ ಮೇಲೆ ನಿಂತಿತು. ಅವಳು ಹೇಳುತ್ತಾಳೆ ಎಂದು ಕಾದೆ. ಅವಳು ನನ್ನ ಕಡೆ ತಿರುಗಿ, "ಏನ್ ಕೇಳಿದ್ದ?" ಎಂದಳು.

ಯೋಚಿಸಿದೆ. ಟಿಕೆಟ್ಟೋ, ಹುಟ್ಟುಹಬ್ಬಕ್ಕೆ ಶೂಸೋ, ಪಾನಿಪುರಿಯೋ, ಇನ್ನೇನೋ. ಓದಿದ್ದೆ, ನಕ್ಕಿರಬೇಕು, ಅಳಿಸಿದ್ದೆ. "ನೆನಪಿಲ್ಲಮ್ಮ," ಎಂದೆ.

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಓದಲು ಬಾರದ ಆ ಸಾಲನ್ನೇ ನೋಡಿದಳು.

"ಏನ್ ಕೇಳಿದ್ನೋ, ಮಾಡ್ಬಿಡೆ ಅದನ್ನ. ಮಾತು ಕೊಟ್ಟಿದೀಯ," ಎಂದಳು.

ಕರೆಂಟು ಬಂತು. ಮಿಷನ್ನು ಹಾಕಲು ಅಮ್ಮ ಎದ್ದುಹೋದಳು. ಅದು ಗರಗರ ತಿರುಗಲು ಶುರುವಾದ ಮೇಲೆ, ಯಾರಿಗೂ ಕೇಳಿಸದು ಎಂದು ಗೊತ್ತಾದ ಮೇಲೆ, "ಏನ್ ಕೇಳಿದ್ಯೋ ನೀನು?" ಎಂದು ಜೋರಾಗಿ ಕೂಗಿದೆ.